ಕರ್ತೃವೂ ಕರಣವೂ

ಯಾವುದಾದರೊಂದು ಕಾರ್ಯವು ಜರುಗಿದಾಗ ಅದನ್ನು ಮಾಡಿದವರು ಯಾರೆಂಬ ಪ್ರಶ್ನೆಯು ಸಹಜವಾಗಿಯೇ ಹುಟ್ಟುತ್ತದೆ. ಕಾರ್ಯವು ಕೈಗೂಡಿದರೆ ‘ನಾನು ಮಾಡಿದೆ’ ಎನ್ನುವವರು ಹಲವರು. ಕೆಟ್ಟರೆ ‘ನಾನಲ್ಲ’ ಎನ್ನುವವರು ಅದಕ್ಕಿಂತಲೂ ಹಲವರು. ಮನುಷ್ಯನ ಕೈಯಲ್ಲಿ ಉಳಿ ಸುತ್ತಿಗೆಗಳು ಮಾತ್ರವಿದ್ದ ಕಾಲದಲ್ಲಿ ಈ ಪ್ರಶ್ನೆಯು ಅಷ್ಟೊಂದು ಜಟಿಲವಾಗಿರಲಿಲ್ಲ. ಇಂದು ಯಂತ್ರವು ತಾನಾಗಿಯೇ ಸರಿದು, ತಾನಾಗಿಯೇ ನಿಂತು, ತಾನಾಗಿಯೇ ಕೊರೆಯುತ್ತಿರುವಾಗ ಗುಣದೋಷಗಳ ಭಾರವನ್ನು ಯಾರ ಹೆಗಲಿಗೆ ಹೊರಿಸಬೇಕು? ಈ ವಿಚಾರವನ್ನು ಕಾರ್ಖಾನೆಯ ಒಂದು ಸಣ್ಣ ಕೆಲಸದ ಮೂಲಕ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಗಣಕದ ಆಜ್ಞೆಯಂತೆ ನಡೆಯುವ ಮಿಲ್ಲಿಂಗ್ ಯಂತ್ರದ ಮೇಲೆ, ಕೊರೆದ ರಂಧ್ರದೊಳಗೆ ಕೈಯ ಹಿಡಿತದಿಂದ ಥ್ರೆಡ್ಡು ತೆಗೆಯುವುದೇ ಆ ಕೆಲಸ.

ವ್ಯಾಕರಣಶಾಸ್ತ್ರದಲ್ಲಿ ಕ್ರಿಯೆಗೆ ಸಾಧಕವಾದವುಗಳನ್ನು ಕಾರಕಗಳೆನ್ನುತ್ತಾರೆ. ಕ್ರಿಯೆಯಲ್ಲಿ ಸ್ವತಂತ್ರವಾದುದನ್ನು ಪಾಣಿನಿಯು ಕರ್ತೃವೆಂದನು. ಕ್ರಿಯೆಯು ಸಿದ್ಧಿಸಲು ಎಲ್ಲಕ್ಕಿಂತ ಮಿಗಿಲಾಗಿ ನೆರವಾಗುವುದನ್ನು ಕರಣವೆಂದನು. ಮರ ಕಡಿಯುವವನು ಕರ್ತೃ; ಕೊಡಲಿ ಕರಣ. ಆದರೆ ವೈಯಾಕರಣರು ಇನ್ನೊಂದು ಮಾತನ್ನೂ ಒಪ್ಪುತ್ತಾರೆ. ಕತ್ತಿಯ ಹರಿತವನ್ನು ಮೆಚ್ಚಿದವನು ‘ಕತ್ತಿಯೇ ಕಡಿಯುತ್ತದೆ’ ಎಂದು ನುಡಿಯಬಹುದು. ಆಗ ಕರಣವೇ ಮಾತಿನಲ್ಲಿ ಕರ್ತೃವಿನ ಪೀಠವನ್ನೇರುತ್ತದೆ. ಹೀಗೆ ನುಡಿಯಬೇಕೆಂಬ ಇಚ್ಛೆಗೆ ವಿವಕ್ಷೆಯೆಂದು ಹೆಸರು. ಈ ಎರಡು ಮಾತುಗಳನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಸಾಗಬೇಕೆಂದು ಪ್ರಾರ್ಥಿಸುತ್ತೇನೆ.

ಈ ಬಗೆಯ ಯಂತ್ರಗಳು ಮೊದಲು ಹುಟ್ಟಿದ್ದು ಅಮೆರಿಕೆಯಲ್ಲಿ. ಹೆಲಿಕಾಪ್ಟರಿನ ರೆಕ್ಕೆಯ ಆಕಾರವನ್ನು ಲೆಕ್ಕದಿಂದ ಬಂದ ಅಂಕಿಗಳ ಮೇಲೆಯೇ ಕಡೆಯಬಹುದೆಂದು ಜಾನ್ ಪಾರ್ಸನ್ಸ್ ಎಂಬುವರು ಆಲೋಚಿಸಿದರು. ಆ ಆಲೋಚನೆಯು ಬೆಳೆದು, 1952ರಲ್ಲಿ ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯವರು ತೂತುಗಳುಳ್ಳ ಕಾಗದದ ಪಟ್ಟಿಯಿಂದ ಆಜ್ಞೆಯನ್ನು ಪಡೆದು ನಡೆಯುವ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಿದರು. ಕಾಲಕ್ರಮದಲ್ಲಿ ಕಾಗದದ ಪಟ್ಟಿಯ ಸ್ಥಾನಕ್ಕೆ ಗಣಕವು ಬಂದಿತು. ನಮ್ಮ ನಾಡಿಗೂ ಈ ವಿದ್ಯೆಯು ಅಪರಿಚಿತವಲ್ಲ. ಬೆಂಗಳೂರಿನಲ್ಲಿ 1953ರಲ್ಲಿ ಹಿಂದೂಸ್ಥಾನ್ ಮಷಿನ್ ಟೂಲ್ಸ್ ಕಾರ್ಖಾನೆಯು ಸ್ಥಾಪಿತವಾಯಿತು. ಯಂತ್ರೋಪಕರಣಗಳ ಸಂಶೋಧನೆಗೆಂದೇ 1962ರಲ್ಲಿ ಕೇಂದ್ರೀಯ ಸಂಸ್ಥೆಯೊಂದು ಅಲ್ಲಿಯೇ ಪ್ರಾರಂಭವಾಯಿತು. ಇಂದು ಪೀಣ್ಯದ ಸಣ್ಣ ಸಣ್ಣ ಕಾರ್ಖಾನೆಗಳಲ್ಲಿಯೂ ಸಿ.ಎನ್.ಸಿ. ಯಂತ್ರಗಳು ದುಡಿಯುತ್ತಿವೆ. ನಮ್ಮ ಮನೆಗಳ ಮಕ್ಕಳೂ ಅವುಗಳ ಮುಂದೆ ನಿಂತು ಅನ್ನವನ್ನು ಸಂಪಾದಿಸುತ್ತಿರುವರು.

ಇನ್ನು ಥ್ರೆಡ್ಡಿನ ವಿಷಯ. ತಿರುಪುಮೊಳೆಯು ಹಿಡಿದು ಕೂರುವಂತೆ ರಂಧ್ರದ ಒಳಗೋಡೆಯಲ್ಲಿ ಸುರುಳಿಯಾಗಿ ಸಾಗುವ ಗೆರೆಯೇ ಥ್ರೆಡ್ಡು. ಅದನ್ನು ಕತ್ತರಿಸುವ ಉಪಕರಣವೇ ಟ್ಯಾಪು. ಆರು ಮಿಲಿಮೀಟರಿನ ಸಾಧಾರಣ ತಿರುಪಿಗೆ ಒಂದು ಸುತ್ತಿಗೆ ಒಂದು ಮಿಲಿಮೀಟರಿನ ನಡೆ. ಆದುದರಿಂದ ಮೊದಲು ಕೊರೆಯಬೇಕಾದ ರಂಧ್ರ ಐದು ಮಿಲಿಮೀಟರು. ಗೆರೆಯ ಕೋನ 60 ಅಂಶಗಳು. ಇಂಗ್ಲೆಂಡಿನಲ್ಲಿ ಜೋಸೆಫ್ ವಿಟ್‌ವರ್ತ್ ಎಂಬ ಯಂತ್ರಶಿಲ್ಪಿಯು 1841ರಲ್ಲಿ ಎಲ್ಲರೂ ಒಂದೇ ಅಳತೆಯನ್ನು ಅನುಸರಿಸಬೇಕೆಂದು ಸೂಚಿಸುವ ಮುನ್ನ ಒಂದು ಕಾರ್ಖಾನೆಯ ತಿರುಪು ಮತ್ತೊಂದರ ರಂಧ್ರಕ್ಕೆ ಹೊಂದುತ್ತಿರಲಿಲ್ಲ. ಇಂದು ಎಲ್ಲಿಯೋ ಮಾಡಿದ ತಿರುಪು ಎಲ್ಲಿಯೋ ಮಾಡಿದ ರಂಧ್ರದಲ್ಲಿ ನಿಲ್ಲುತ್ತದೆ. ಎಂದಮೇಲೆ ಥ್ರೆಡ್ಡೆಂಬುದು ಮುಖಪರಿಚಯವೂ ಇಲ್ಲದ ಒಬ್ಬನಿಗೆ ಮತ್ತೊಬ್ಬನು ಕೊಟ್ಟ ಮಾತೆಂದೇ ಹೇಳಬೇಕು. ಬಸ್ಸಿನ ಬ್ರೇಕಿನಲ್ಲಿಯೂ ಆಸ್ಪತ್ರೆಯ ಉಪಕರಣದಲ್ಲಿಯೂ ಆ ಮಾತು ಉಳಿಯಬೇಕು.

ಯಂತ್ರವೇ ಈ ಕೆಲಸವನ್ನು ಮಾಡುವಾಗ ಟ್ಯಾಪಿನ ತಿರುಗುವಿಕೆಗೂ ಇಳಿಯುವಿಕೆಗೂ ಎಳ್ಳಷ್ಟೂ ವ್ಯತ್ಯಾಸವಿರಕೂಡದು. ನಿಮಿಷಕ್ಕೆ 300 ಸುತ್ತು ತಿರುಗುವ ಮೇಲೆ ಹೇಳಿದ ಟ್ಯಾಪು ನಿಮಿಷಕ್ಕೆ 300 ಮಿಲಿಮೀಟರಿನ ವೇಗದಿಂದಲೇ ಇಳಿಯಬೇಕು. 15 ಮಿಲಿಮೀಟರಿನ ಆಳಕ್ಕೆ 15 ಸುತ್ತು. ಅಂದರೆ ಮೂರೇ ಸೆಕೆಂಡು. ಇಳಿಯುವ ವೇಗವು 290 ಆದರೆ ಆ ಮೂರು ಸೆಕೆಂಡಿನಲ್ಲಿ ಅರ್ಧ ಮಿಲಿಮೀಟರಿನ, ಎಂದರೆ ಅರ್ಧ ಸುತ್ತಿನ, ಅಂತರ ಬೀಳುತ್ತದೆ. ಗೆರೆಯು ಹರಿಯುತ್ತದೆ, ಇಲ್ಲವೇ ಟ್ಯಾಪು ಮುರಿಯುತ್ತದೆ. ಈ ಕಾರಣದಿಂದ ಉತ್ತಮ ಯಂತ್ರಗಳಲ್ಲಿ ಸ್ಪಿಂಡಲಿನ ಪ್ರತಿಯೊಂದು ಸುತ್ತನ್ನೂ ಎಣಿಸಿ ಗಣಕಕ್ಕೆ ತಿಳಿಸುವ ಸಾಧನವಿರುತ್ತದೆ. ಆ ಸಾಧನವಿಲ್ಲದ ಯಂತ್ರಗಳಲ್ಲಿ ಸ್ವಲ್ಪ ಹಿಗ್ಗಿ ಕುಗ್ಗುವ ಹಿಡಿಕೆಯಲ್ಲಿ ಟ್ಯಾಪನ್ನು ಕೂರಿಸುವರು. ಇಲ್ಲವೇ ಆ ಕೆಲಸವನ್ನು ಕೈಗೇ ಬಿಡುವರು.

ಕೈಗೆ ಬಿಟ್ಟಾಗ ನಡೆಯುವ ಕ್ರಮವು ಹೀಗಿದೆ. ಯಂತ್ರವು ರಂಧ್ರವನ್ನು ಕೊರೆದು, ಅದರ ನೇರಕ್ಕೆ ಸ್ಪಿಂಡಲನ್ನು ತಂದು ನಿಲ್ಲಿಸಿ ಸುಮ್ಮನಾಗುತ್ತದೆ. ಕೆಲಸಗಾರನು ಡ್ರಿಲ್ಲನ್ನು ತೆಗೆದು, ಸ್ಪ್ರಿಂಗಿನ ಮೊನೆಯೊಂದನ್ನು ಸ್ಪಿಂಡಲಿಗೆ ಸೇರಿಸಿ, ಅದರ ತುದಿಯನ್ನು ಟ್ಯಾಪಿನ ತಲೆಯ ಕುಳಿಗೆ ಇಡುತ್ತಾನೆ. ಇದರಿಂದ ಟ್ಯಾಪು ಓರೆಯಾಗದು. ಎಣ್ಣೆಯನ್ನು ಬಿಟ್ಟು ಹಿಡಿಯನ್ನು ತಿರುಗಿಸುತ್ತಾನೆ. ಮೊದಲೆರಡು ಸುತ್ತಿನಲ್ಲಿ ಟ್ಯಾಪು ಕಚ್ಚಿಕೊಂಡಿತೆಂದರೆ ಅನಂತರ ಅದು ತನ್ನನ್ನು ತಾನೇ ಒಳಕ್ಕೆ ಎಳೆದುಕೊಳ್ಳುತ್ತದೆ, ಒತ್ತುವ ಅಗತ್ಯವಿಲ್ಲ. ಅರ್ಧ ಸುತ್ತೋ ಒಂದು ಸುತ್ತೋ ಮುಂದಕ್ಕೆ ಹೋದಮೇಲೆ ಕಾಲು ಸುತ್ತು ಹಿಂದಕ್ಕೆ ತಿರುಗಿಸಬೇಕು. ಹಾಗೆ ಮಾಡಿದಾಗ ಕತ್ತರಿಸಿದ ಲೋಹದ ಚೂರು ತುಂಡಾಗಿ ದಾರಿಬಿಡುತ್ತದೆ. ತಳಮುಚ್ಚಿದ ರಂಧ್ರವಾದರೆ ಟ್ಯಾಪನ್ನು ಪೂರ್ತಿಯಾಗಿ ಹೊರತೆಗೆದು ಚೂರುಗಳನ್ನು ಒರೆಸಬೇಕು. ಹಿಂದೆ ಸರಿಯಲು ನಾಚಿದವನ ಕೈಯಲ್ಲಿ ಟ್ಯಾಪು ಉಳಿಯದು.

ಇಲ್ಲಿ ಪೂರ್ವಪಕ್ಷವೊಂದುಂಟು. ಯಂತ್ರವು ಸಾವಿರ ರಂಧ್ರಗಳನ್ನು ಒಂದೇ ತೆರನಾಗಿ ಮಾಡುತ್ತದೆ. ಕೈಯು ಹತ್ತನೆಯದಕ್ಕೆ ದಣಿಯುತ್ತದೆ. ಸ್ಪಿಂಡಲಿನ ಮೇಲೆ ಬೀಳುವ ಹೊರೆಯನ್ನು ಅಳೆದು ತಾನೇ ನಿಲ್ಲುವ ಯಂತ್ರಗಳೂ ಇವೆ. ಹೀಗಿರುವಲ್ಲಿ ಕೈಯನ್ನು ಹಿಡಿದುಕೊಂಡು ಕೂರುವುದು ಬರಿಯ ಹಟವಲ್ಲವೇ ಎಂದು ಪೂರ್ವಪಕ್ಷಿಯು ಕೇಳುತ್ತಾನೆ.

ಈ ಮಾತಿನ ಅರ್ಧವನ್ನು ಒಪ್ಪಲೇಬೇಕು. ಒಂದೇ ಕೆಲಸವು ಸಾವಿರ ಸಲ ಮರುಕಳಿಸುವಲ್ಲಿ ಯಂತ್ರವೇ ಮೇಲು. ಅಲ್ಲಿ ಕೈಗಾರಿಕೆಯ ಹೆಮ್ಮೆಯು ಒಂದು ಬಗೆಯ ಅಹಂಕಾರವೇ ಸರಿ. ಆದರೆ ತುಂಡು ಒಂದೇ ಒಂದಿದೆಯೆನ್ನಿ. ಎರಡು ದಿನಗಳ ಕೆಲಸವು ಅದರಲ್ಲಿ ಅಡಗಿದೆ. ಥ್ರೆಡ್ಡು ತೆಗೆಯುವುದು ಕಟ್ಟಕಡೆಯ ಕೆಲಸ. ಟ್ಯಾಪು ಸಣ್ಣದು, ರಂಧ್ರ ಆಳವಾದುದು, ಲೋಹವೋ ಉಜ್ಜಿದಷ್ಟೂ ಗಟ್ಟಿಯಾಗುವ ಸ್ಟೇನ್‌ಲೆಸ್ ಉಕ್ಕು. ಟ್ಯಾಪು ಒಳಗೆ ಮುರಿದರೆ ಸಾಧಾರಣ ಡ್ರಿಲ್ಲಿಗೆ ಅದು ಮಣಿಯದು. ವಿದ್ಯುತ್ ಕಿಡಿಗಳಿಂದ ಲೋಹವನ್ನು ಸವೆಸುವ ಬೇರೊಂದು ಯಂತ್ರದ ಮೊರೆಹೋಗಬೇಕು, ಇಲ್ಲವೇ ತುಂಡನ್ನೇ ಬಿಸಾಡಬೇಕು. ಇಂತಹಲ್ಲಿ ಎಷ್ಟು ಹೊರೆಗೆ ನಿಲ್ಲಬೇಕೆಂಬ ಅಂಕಿಯನ್ನು ಮುಂಚಿತವಾಗಿ ಬರೆಯುವುದಾದರೂ ಹೇಗೆ? ಹಿಂದಿನ ನೂರು ತುಂಡುಗಳಿದ್ದರೆ ತಾನೆ ಆ ಅಂಕಿಯು ದೊರೆಯುವುದು? ರಂಧ್ರವು ಎಲ್ಲಿರಬೇಕೆಂಬುದನ್ನು ಮೊದಲೇ ನಿಶ್ಚಯಿಸಬಹುದು. ಅದನ್ನು ಯಂತ್ರಕ್ಕೆ ಒಪ್ಪಿಸುವುದು ವಿವೇಕ. ಲೋಹವು ಈ ಕ್ಷಣದಲ್ಲಿ ಎಷ್ಟು ಎದುರಿಸುತ್ತಿದೆಯೆಂಬುದು ಕೆಲಸವು ನಡೆಯುವಾಗ ಮಾತ್ರ ತಿಳಿಯತಕ್ಕದ್ದು. ಅದನ್ನು ಅರಿತು ಹಿಂದೆ ಸರಿಯಬಲ್ಲ ಕೈಗೆ ಬಿಡುವುದೂ ವಿವೇಕವೇ. ಇದರಲ್ಲಿ ಯಂತ್ರಕ್ಕೆ ಅಪಮಾನವಿಲ್ಲ. ಯಂತ್ರವು ನೇರವಾಗಿ ಹಿಡಿದುಕೊಡದಿದ್ದರೆ ಕೈಯ ಕುಶಲತೆಯೂ ಓರೆಯಾಗುತ್ತಿದ್ದಿತು.

ಈಗ ಮೂಲಪ್ರಶ್ನೆಗೆ ಬರೋಣ. ಟ್ಯಾಪು ಮುರಿಯಿತೆನ್ನಿ. ಕೆಲಸಗಾರನು ‘ಯಂತ್ರವು ಮುರಿಯಿತು’ ಎನ್ನುವನು. ಯಂತ್ರವನ್ನು ಮಾರಿದವನು ‘ಪ್ರೋಗ್ರಾಮು ತಪ್ಪು’ ಎನ್ನುವನು. ಪ್ರೋಗ್ರಾಮು ಬರೆದವನು ‘ಟ್ಯಾಪು ಹಳೆಯದು’ ಎನ್ನುವನು. ಟ್ಯಾಪು ಕೊಂಡವನು ‘ಎಣ್ಣೆ ಬಿಡಲಿಲ್ಲ’ ಎನ್ನುವನು. ಎಲ್ಲರೂ ವಿವಕ್ಷೆಯ ಆಶ್ರಯವನ್ನೇ ಪಡೆದಿರುವರೆಂಬುದನ್ನು ವಾಚಕರು ಗಮನಿಸಬೇಕು. ಕರಣವನ್ನು ಕರ್ತೃವಾಗಿಸಿ ಮಾತನಾಡಲು ವ್ಯಾಕರಣವು ಅನುಮತಿಯನ್ನು ಕೊಟ್ಟಿರುವುದು ಮಾತಿಗೆ ಮಾತ್ರ, ಹೊಣೆಯನ್ನು ಇಳಿಸಿಕೊಳ್ಳುವುದಕ್ಕಲ್ಲ. ನ್ಯಾಯವನ್ನು ನಿರ್ಣಯಿಸುವಾಗ ಮೊದಲಿನ ಲಕ್ಷಣಕ್ಕೇ ಹಿಂದಿರುಗಬೇಕು: ಆ ಕ್ರಿಯೆಯಲ್ಲಿ ಸ್ವತಂತ್ರನಾಗಿದ್ದವನು ಯಾರು? ನಿಲ್ಲಿಸಲು ಯಾರಿಗೆ ಸಾಧ್ಯವಿದ್ದಿತು?

ಈ ಪ್ರಶ್ನೆಯು ಕೆಲಸಗಾರನನ್ನು ಮೊದಲು ಮುಟ್ಟುತ್ತದೆ. ಹಿಡಿಯು ತನ್ನ ಕೈಯಲ್ಲಿದ್ದು, ಬಿಗಿತವು ಬೆರಳಿಗೆ ತಿಳಿದು, ಹಿಂದೆ ಸರಿಯಲು ಅವಕಾಶವಿದ್ದೂ ಮುಂದಕ್ಕೆ ತಿರುಗಿಸಿದವನು ಯಂತ್ರದ ಹೆಸರನ್ನು ಹೇಳಿ ಪಾರಾಗಲಾರನು. ಆದರೆ ಪ್ರಶ್ನೆಯು ಅಲ್ಲಿಗೇ ನಿಲ್ಲುವುದಿಲ್ಲ. ಗಂಟೆಗೆ ಇಷ್ಟೇ ರಂಧ್ರಗಳಾಗಬೇಕೆಂದು ಗಡಿಯಾರವನ್ನು ಹಿಡಿದು ನಿಂತ ಯಜಮಾನನಿದ್ದಾನೆನ್ನಿ. ಮೊಂಡಾದ ಟ್ಯಾಪನ್ನು ಬದಲಿಸಿಕೊಡಲು ಒಲ್ಲನು. ಚೂರು ತೆಗೆಯಲು ನಿಂತವನನ್ನು ಸೋಮಾರಿಯೆಂದು ಗದರುವನು. ಮುರಿದಾಗ ಮಾತ್ರ ಅದರ ಬೆಲೆಯನ್ನು ಕೂಲಿಯಲ್ಲಿ ಮುರಿದುಕೊಳ್ಳುವನು. ಅಂತಹ ಕಾರ್ಖಾನೆಯಲ್ಲಿ ಹಿಡಿಯನ್ನು ಹಿಡಿದ ಹುಡುಗನಿಗೆ ಸ್ವಾತಂತ್ರ್ಯವೆಲ್ಲಿಯದು? ಸ್ವಾತಂತ್ರ್ಯವಿಲ್ಲದವನು ಕರ್ತೃವಾಗಲಾರನು, ಟ್ಯಾಪಿನಂತೆ ಅವನೂ ಒಂದು ಕರಣವಷ್ಟೆ. ಜೀವವುಳ್ಳ ಮನುಷ್ಯನನ್ನು ಕರಣದ ಸ್ಥಾನಕ್ಕಿಳಿಸಿ, ದೋಷವು ಬಂದಾಗ ಮಾತ್ರ ಕರ್ತೃವೆಂದು ಕರೆಯುವುದು ಶಾಸ್ತ್ರಕ್ಕೂ ವಿರುದ್ಧ, ಧರ್ಮಕ್ಕೂ ವಿರುದ್ಧ.

ಆದುದರಿಂದ ಕೈಗೆ ಕೆಲಸವನ್ನು ಒಪ್ಪಿಸಿದವನು ಕೈಗೆ ನಿಲ್ಲುವ ಅಧಿಕಾರವನ್ನೂ ಒಪ್ಪಿಸತಕ್ಕದ್ದು. ಕಾರ್ಖಾನೆಯನ್ನು ನಡೆಸುವ ಗೃಹಸ್ಥರು ನಮ್ಮ ವಾಚಕರಲ್ಲಿಯೂ ಇರುವರು. ಅವರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಹೊಸ ಟ್ಯಾಪಿಗೆ ಹಣವನ್ನೂ, ಕಾಲು ಸುತ್ತು ಹಿಂದೆ ಸರಿಯಲು ವೇಳೆಯನ್ನೂ, ‘ಇದು ಬಿಗಿಯುತ್ತಿದೆ, ನಿಲ್ಲಿಸುತ್ತೇನೆ’ ಎಂದು ಹೇಳಲು ಧೈರ್ಯವನ್ನೂ ನಿಮ್ಮ ಹುಡುಗರಿಗೆ ಕೊಡಿರಿ. ಯಂತ್ರದ ಮುಂದೆ ನಿಲ್ಲುವ ತರುಣರಿಗೂ ಒಂದು ಮಾತು: ಆ ಅಧಿಕಾರವು ದೊರೆತ ದಿನದಿಂದ ‘ಯಂತ್ರವು ಮಾಡಿತು’ ಎಂಬ ನುಡಿಯು ನಿಮ್ಮ ಬಾಯಲ್ಲಿ ಬಾರದಿರಲಿ. ಥ್ರೆಡ್ಡು ಸರಿಯಾಗಿ ಬಂದಾಗ ‘ನಾವು ಮಾಡಿದೆವು’ ಎನ್ನಿರಿ. ಕೆಟ್ಟಾಗಲೂ ಹಾಗೆಯೇ ಎನ್ನಿರಿ.