ಮನೆಯೊಳಗಿದ್ದೇ ಒಪ್ಪದಿರುವುದು

ಒಂದು ಕೂಡು ಕುಟುಂಬ. ಹಿರಿಯರೆಲ್ಲ ಸೇರಿ ಒಂದು ಕಟ್ಟಳೆ ಮಾಡಿದ್ದಾರೆ. ಅದು ಅನ್ಯಾಯವೆಂದು ಮನೆಯ ಒಂದು ಕವಲಿಗೆ ಮನಸಾರೆ ಅನಿಸುತ್ತದೆ. ಆಗ ಆ ಕವಲಿನವರು ಏನು ಮಾಡಬೇಕು? ಪಾಲು ತೆಗೆದುಕೊಂಡು ಬೇರೆಯಾಗಬೇಕೇ? ಬಾಯಿ ಮುಚ್ಚಿಕೊಂಡು ನಡೆಯಬೇಕೇ? ಇಲ್ಲವೇ ಮನೆಯೊಳಗೇ ಇದ್ದು ಕಟ್ಟಳೆಯನ್ನು ಮೀರಬೇಕೇ?

ಈ ಪ್ರಶ್ನೆಯನ್ನು ನಮ್ಮ ನೆರೆಹೊರೆಯ ಅಮೆರಿಕನ್ನರು ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಎದುರಿಸಿದ್ದಾರೆ. ನಮ್ಮಲ್ಲಿ ಹಲವರಿಗೆ ಚರ್ಚ್ ಎಂದರೆ ಯುಗಾದಿ ಊಟಕ್ಕೆ ಬಾಡಿಗೆಗೆ ಸಿಗುವ ಹಾಲ್, ಅಷ್ಟೆ. ಆ ಹಾಲಿನ ಒಡೆಯರ ಮನೆಯ ಮಾತನ್ನೂ ಸ್ವಲ್ಪ ತಿಳಿದುಕೊಂಡರೆ ನಮಗೇ ಲಾಭ ಎಂದುಕೊಂಡು ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ವಾಷಿಂಗ್ಟನ್ ನಗರದ ನಡುಭಾಗದಲ್ಲಿ, ಶ್ವೇತಭವನದಿಂದ ಉತ್ತರಕ್ಕೆ ಸುಮಾರು ಒಂದು ಮೈಲಿ ದೂರದಲ್ಲಿ, 16ನೇ ಬೀದಿಯ ಮೇಲೆ ಫೌಂಡ್ರಿ ಯುನೈಟೆಡ್ ಮೆಥಡಿಸ್ಟ್ ಚರ್ಚ್ ಇದೆ. ಫಿರಂಗಿ ಎರಕದ ಕಾರ್ಖಾನೆ ನಡೆಸುತ್ತಿದ್ದ ಹೆನ್ರಿ ಫಾಕ್ಸಾಲ್ ಎಂಬುವರು 1814ರಲ್ಲಿ ಇದನ್ನು ಸ್ಥಾಪಿಸಿದರು. ಕ್ಲಿಂಟನ್ ದಂಪತಿಗಳು ಅಧ್ಯಕ್ಷಗಿರಿಯ ಕಾಲದಲ್ಲಿ ಪ್ರಾರ್ಥನೆಗೆ ಬರುತ್ತಿದ್ದದ್ದು ಇಲ್ಲಿಗೇ. 1995ರಲ್ಲಿ ಈ ಸಭೆ ಸಲಿಂಗಿಗಳಿಗೂ ತನ್ನ ಬಾಗಿಲು ತೆರೆದಿದೆ ಎಂದು ಬಹಿರಂಗವಾಗಿ ಸಾರಿತು.

ತೊಡಕು ಇದ್ದದ್ದು ಇಲ್ಲೇ. ಫೌಂಡ್ರಿ ಒಂಟಿ ಮನೆಯಲ್ಲ. ಯುನೈಟೆಡ್ ಮೆಥಡಿಸ್ಟ್ ಎಂಬ ದೊಡ್ಡ ಪಂಗಡದ ಒಂದು ಕವಲು. ಸಲಿಂಗ ಸಂಬಂಧ ಕ್ರೈಸ್ತ ಬೋಧನೆಗೆ ಹೊಂದುವುದಿಲ್ಲ ಎಂದು ಆ ಪಂಗಡ 1972ರಲ್ಲೇ ತನ್ನ ನಿಯಮಗ್ರಂಥದಲ್ಲಿ ಬರೆದಿತ್ತು. 1984ರಲ್ಲಿ ಅಂಥವರಿಗೆ ಪಾದ್ರಿ ದೀಕ್ಷೆ ಕೊಡಬಾರದೆಂದಿತು. 1996ರಲ್ಲಿ ಅವರ ವಿವಾಹವಿಧಿಯನ್ನು ಪಾದ್ರಿಗಳು ನಡೆಸಬಾರದೆಂದಿತು. 2010ರಲ್ಲಿ ವಾಷಿಂಗ್ಟನ್ನಿನಲ್ಲಿ ಸಲಿಂಗ ವಿವಾಹ ಕಾನೂನುಬದ್ಧವಾದಾಗ, ಅಂಥ ಮದುವೆಗಳನ್ನು ನಡೆಸಲು ಫೌಂಡ್ರಿ ಸಭೆ ನಿರ್ಧರಿಸಿತು. ನಿಯಮ ಮೀರಿದ ಪಾದ್ರಿಯ ಪದವಿಯೇ ಹೋಗಬಹುದೆಂದು ಗೊತ್ತಿದ್ದೂ ನಿರ್ಧರಿಸಿತು.

ಆ ಭಯ ಸುಳ್ಳಾಗಿರಲಿಲ್ಲ. ಪೆನ್ಸಿಲ್ವೇನಿಯಾದ ಪಾದ್ರಿ ಫ್ರಾಂಕ್ ಶೇಫರ್ 2007ರಲ್ಲಿ ತಮ್ಮ ಸ್ವಂತ ಮಗನ ಮದುವೆಯನ್ನು ಇನ್ನೊಬ್ಬ ಗಂಡಿನೊಂದಿಗೆ ನೆರವೇರಿಸಿದ್ದರು. ಅದಕ್ಕಾಗಿ 2013ರಲ್ಲಿ ಚರ್ಚಿನ ನ್ಯಾಯಸಭೆ ಅವರನ್ನು ವಿಚಾರಣೆಗೆ ಕರೆಯಿತು. ಇನ್ನು ಮುಂದೆ ನಿಯಮ ಪಾಲಿಸುವೆನೆಂದು ಮಾತು ಕೊಡಲು ಅವರು ಒಪ್ಪಲಿಲ್ಲ. ಪಾದ್ರಿ ಪದವಿ ಹೋಯಿತು. 2014ರಲ್ಲಿ ಮೇಲ್ಮನವಿಯಲ್ಲಿ ಅದು ಮರಳಿ ಬಂತು. ಮಗನ ಮದುವೆ ಮಾಡಿದ್ದೇ ಅಪರಾಧವಾದ ತಂದೆಯ ಸಂಕಟ ಎಂಥದೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಏಳುತ್ತದೆ. ಪ್ರತಿಯೊಬ್ಬರೂ ತಮಗೆ ಬೇಡವಾದ ನಿಯಮವನ್ನು ಮುರಿಯುತ್ತ ಹೋದರೆ ಮನೆ ಎನ್ನುವುದು ಉಳಿಯುತ್ತದೆಯೇ? ಉಳಿಯುವುದಿಲ್ಲ. ಆದರೆ ಕದ್ದು ಮುರಿಯುವುದು ಬೇರೆ, ಹೇಳಿ ಮುರಿದು ದಂಡನೆಗೆ ತಲೆಯೊಡ್ಡುವುದು ಬೇರೆ. ಕದ್ದು ಮುರಿಯುವವನು ನಿಯಮದಿಂದ ತಪ್ಪಿಸಿಕೊಳ್ಳುತ್ತಾನೆ. ಹೇಳಿ ಮುರಿಯುವವನು ಮನೆಯವರೆಲ್ಲರನ್ನೂ ಕೂರಿಸಿ, ಆ ನಿಯಮವನ್ನು ಇನ್ನೊಮ್ಮೆ ನೋಡಿ ಎನ್ನುತ್ತಾನೆ. ಇದು ನಮಗೆ ಹೊಸ ಪಾಠವಲ್ಲ. ಜೇಮ್ಸ್ ಲಾಸನ್ ಎಂಬ ಕರಿಯ ಮೆಥಡಿಸ್ಟ್ ತರುಣ 1950ರ ದಶಕದಲ್ಲಿ ನಾಗಪುರದಲ್ಲಿದ್ದು ಗಾಂಧೀಜಿಯವರ ಸತ್ಯಾಗ್ರಹವನ್ನು ಅಭ್ಯಾಸ ಮಾಡಿ ಹೋದರು; 1960ರಲ್ಲಿ ನ್ಯಾಶ್‌ವಿಲ್ ನಗರದ ವಿದ್ಯಾರ್ಥಿಗಳ ಚಳವಳಿಗೆ ಗುರುವಾದರು. ಅವರ ಸ್ವಂತ ಪಂಗಡವೇ 1939ರಿಂದ 1968ರವರೆಗೆ ಕರಿಯರ ಸಭೆಗಳನ್ನು ಪ್ರತ್ಯೇಕ ವಿಭಾಗದಲ್ಲಿಟ್ಟಿತ್ತು. ಆದರೂ ಅವರು ಪಂಗಡ ಬಿಡಲಿಲ್ಲ.

ಹಾಗೆಂದು ಬಿಟ್ಟು ಹೋದವರನ್ನು ಹಳಿಯುವಂತಿಲ್ಲ. ಇದೇ ಮೆಥಡಿಸ್ಟರಲ್ಲಿ ಕರಿಯರಿಗೆ ಆದ ಅವಮಾನವನ್ನು ಸಹಿಸದೆ ಹೊರನಡೆದ ರಿಚರ್ಡ್ ಆಲನ್ 1816ರಲ್ಲಿ ಬೇರೆ ಚರ್ಚನ್ನೇ ಕಟ್ಟಿದರು. ಅದು ಇಂದಿಗೂ ಬಾಳುತ್ತಿದೆ. ಬೇರೆಯಾಗುವುದೆಲ್ಲ ಜಗಳವೂ ಅಲ್ಲ. ನಮ್ಮ ಕೋಲಾರ, ಬೀದರ್ ಕಡೆಯ ಮೆಥಡಿಸ್ಟ್ ಸಭೆಗಳು ಮೊದಲು ಈ ಅಮೆರಿಕನ್ ಪಂಗಡದ ಕವಲುಗಳೇ ಆಗಿದ್ದವು. 1981ರಲ್ಲಿ ಭಾರತದ ಚರ್ಚ್ ಸ್ವತಂತ್ರವಾಯಿತು, ನಂಟು ಮಾತ್ರ ಕಡಿಯಲಿಲ್ಲ.

ಮುಂದಿನ ಕಥೆ ಹೀಗಿದೆ. 2019ರಲ್ಲಿ ಸೇಂಟ್ ಲೂಯಿಸ್ ನಗರದ ಮಹಾಸಭೆಯಲ್ಲಿ 438ಕ್ಕೆ 384 ಮತಗಳಿಂದ ಹಳೆಯ ನಿಷೇಧ ಇನ್ನಷ್ಟು ಬಿಗಿಯಾಯಿತು. ಗೆದ್ದ ಕಡೆಯವರಿಗೂ ನೆಮ್ಮದಿ ಸಿಗಲಿಲ್ಲ. ನಿಯಮವಿದ್ದೂ ಅದು ಪಾಲನೆಯಾಗುತ್ತಿಲ್ಲವೆಂದು 2023ರ ಕೊನೆಯೊಳಗೆ ಸುಮಾರು 7,600 ಸಭೆಗಳು, ಅಂದರೆ ಈ ದೇಶದಲ್ಲಿದ್ದ ಸಭೆಗಳ ಹೆಚ್ಚುಕಡಿಮೆ ಕಾಲು ಪಾಲು, ಪಂಗಡ ಬಿಟ್ಟವು. ಅವರಲ್ಲಿ ಬಹುಮಂದಿ ಹೋದದ್ದೂ ಆತ್ಮಸಾಕ್ಷಿಯಿಂದಲೇ ಎಂಬುದನ್ನು ಮರೆಯಬಾರದು. 2024ರಲ್ಲಿ ಶಾರ್ಲಟ್ ನಗರದಲ್ಲಿ ಸೇರಿದ ಮಹಾಸಭೆ ಆ ನಿಷೇಧಗಳನ್ನೂ 1972ರ ಆ ವಾಕ್ಯವನ್ನೂ ತೆಗೆದುಹಾಕಿತು.

ತಾಳಿದವನು ಬಾಳಿಯಾನು ಎನ್ನುತ್ತೇವೆ. ಫೌಂಡ್ರಿಯಂಥ ಸಭೆಗಳ ಮಟ್ಟಿಗೆ ಗಾದೆ ನಿಜವಾಯಿತು. ಆದರೆ ತಾಳಿದವರು ಯಾರು? 1972ರಲ್ಲಿ ಇಪ್ಪತ್ತು ವರ್ಷದವನಾಗಿದ್ದು, ಪಾದ್ರಿಯಾಗಬೇಕೆಂದಿದ್ದ ಒಬ್ಬ ಸಲಿಂಗಿ ತರುಣನಿಗೆ 2024ರಲ್ಲಿ ಎಪ್ಪತ್ತೆರಡು. ಸಭೆಗಳು ಚರ್ಚೆ ಮುಂದೂಡಿದ ಪ್ರತಿ ವರ್ಷವೂ ಅವನ ಆಯುಸ್ಸಿನಿಂದ ಕಳೆದದ್ದು. ತಾಳ್ಮೆ ದೊಡ್ಡ ಗುಣ, ಅದರಲ್ಲಿ ಅನುಮಾನವಿಲ್ಲ. ಆದರೆ ನಮ್ಮ ಗಂಟಿನಿಂದ ಖರ್ಚು ಮಾಡಿದಾಗ ಮಾತ್ರ ಅದು ನಮ್ಮ ಗುಣ. ಇನ್ನೊಬ್ಬರ ಗಂಟಿನಿಂದ ಖರ್ಚು ಮಾಡಿ ತಾಳ್ಮೆವಂತರೆನಿಸಿಕೊಳ್ಳುವುದು ಸುಲಭ. ಆದ್ದರಿಂದ ಮನೆಯೊಳಗಿದ್ದೇ ತಿದ್ದುವೆವು ಎನ್ನುವವರು, ಕಾಯುವ ಹೊರೆಯನ್ನು ಹೊತ್ತವರ ಪಕ್ಕದಲ್ಲಿ ಈಗಲೇ ನಿಲ್ಲಬೇಕು. ಫೌಂಡ್ರಿ 2010ರಲ್ಲಿ ಮಾಡಿದ್ದು ಇದನ್ನೇ; ತನ್ನ ಪಾದ್ರಿಗಳ ಪದವಿಯನ್ನೂ ಪಣಕ್ಕಿಟ್ಟಿತು. ಹಾಗೆ ನಿಲ್ಲದೆ ಬರೀ ಕಾಯುವುದಾದರೆ, ನಾವು ಉಳಿದದ್ದು ನ್ಯಾಯಕ್ಕಾಗಿಯೋ ಅಭ್ಯಾಸಬಲದಿಂದಲೋ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಇದು ಪರರ ಮನೆಯ ಮಾತಾಗಿಯೇ ಉಳಿಯಬೇಕಾಗಿಲ್ಲ. ನಮ್ಮ ಸಂಘದ್ದೂ ಕುಟುಂಬ ಸದಸ್ಯತ್ವ. ಕುಟುಂಬ ಎಂದರೆ ಯಾರು ಯಾರು ಎಂದು ನಾವು ಎಂದೂ ಕೂತು ಮಾತಾಡಿಲ್ಲ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಯಾರಾದರೂ ನಾಳೆ ತಾವು ಮದುವೆಯಾದವರನ್ನು ದೀಪಾವಳಿಗೆ ಕರೆತಂದಾಗ, ಅವರಿಬ್ಬರನ್ನೂ ಒಂದೇ ಅರ್ಜಿಯಲ್ಲಿ ಬರೆದುಕೊಳ್ಳುತ್ತೇವೆಯೇ? ಇಲ್ಲ, ಹಿರಿಯರಿಗೆ ಬೇಸರವಾದೀತು, ಸ್ವಲ್ಪ ಕಾಲ ಹೋಗಲಿ ಎನ್ನುತ್ತೇವೆಯೇ? ಹಾಗೆ ಹೋಗುವ ಕಾಲ ಯಾರದು ಎಂಬುದನ್ನು ಸದಸ್ಯರು ಮುಂದಿನ ವಾರ್ಷಿಕ ಸಭೆಗೆ ಮುಂಚೆ ತಮ್ಮ ಮನೆಗಳಲ್ಲಿ ಮಾತಾಡಿಕೊಂಡು ಬರಬೇಕೆಂದು ಕೋರುತ್ತೇವೆ.