ಕರವೋ, ದಂಡವೋ?

ಪ್ರಜೆಯಿಂದ ರಾಜ್ಯಕ್ಕೆ ಸಲ್ಲುವ ಹಣವೆಲ್ಲವೂ ಒಂದೇ ಬಗೆಯದಲ್ಲ. ಧರ್ಮಶಾಸ್ತ್ರಕಾರರು ಕರ, ಶುಲ್ಕ, ದಂಡ ಎಂದು ಅದನ್ನು ಬೇರ್ಪಡಿಸಿ ಹೇಳಿದ್ದಾರೆ. ರಾಜ್ಯದ ಪೋಷಣೆಗಾಗಿ ಕೊಡುವುದು ಕರ. ವ್ಯಾಪಾರದ ಸರಕಿನ ಮೇಲೆ ತೆರುವುದು ಶುಲ್ಕ. ಅಪರಾಧಕ್ಕಾಗಿ ತೆರುವುದು ದಂಡ. ಬೊಕ್ಕಸಕ್ಕೆ ಬಿದ್ದ ಬಳಿಕ ನಾಣ್ಯಗಳಲ್ಲಿ ಭೇದವಿಲ್ಲ. ಕೊಡುವವನ ಮನಸ್ಸಿನಲ್ಲಿ ಭೇದವುಂಟು. ಕರವನ್ನು ಕೊಟ್ಟವನು ತಲೆಯೆತ್ತಿ ನಡೆಯುತ್ತಾನೆ. ದಂಡವನ್ನು ತೆತ್ತವನು ತಲೆತಗ್ಗಿಸುತ್ತಾನೆ. ಆದಕಾರಣ ಒಂದು ತೆರಿಗೆಯು ಇವುಗಳಲ್ಲಿ ಯಾವುದೆಂದು ವಿಚಾರಿಸುವುದು ಬರಿಯ ಶಬ್ದಜಿಜ್ಞಾಸೆಯಲ್ಲ.

ಆಸ್ಟ್ರೇಲಿಯಾ ದೇಶದ ಒಂದು ತೆರಿಗೆ ಈ ವಿಚಾರಕ್ಕೆ ತಕ್ಕ ಉದಾಹರಣೆಯಾಗಿದೆ. ಅಲ್ಲಿ 1984ರ ಫೆಬ್ರವರಿ ಮೊದಲ್ಗೊಂಡು ಮೆಡಿಕೇರ್ ಎಂಬ ಸಾರ್ವಜನಿಕ ಆರೋಗ್ಯವ್ಯವಸ್ಥೆ ನಡೆದುಬಂದಿದೆ. ಅದಕ್ಕೆ ಸೇರಿದವನು ಸರಕಾರಿ ಆಸ್ಪತ್ರೆಯಲ್ಲಿ ಸಾಮಾನ್ಯ ರೋಗಿಯಾಗಿ ಚಿಕಿತ್ಸೆ ಪಡೆದರೆ ಹಣ ಕೊಡಬೇಕಾಗಿಲ್ಲ. ಇದರ ವೆಚ್ಚದ ಒಂದು ಭಾಗಕ್ಕಾಗಿ, ಅಲ್ಪ ವರಮಾನದವರನ್ನು ಬಿಟ್ಟು ಉಳಿದವರು ಸಾಮಾನ್ಯವಾಗಿ ತಮ್ಮ ವರಮಾನದಲ್ಲಿ ನೂರಕ್ಕೆ 2ರಂತೆ ಸಲ್ಲಿಸುತ್ತಾರೆ. 1997ರ ಜುಲೈಯಲ್ಲಿ ಇದರ ಮೇಲೆ ಇನ್ನೊಂದು ತೆರಿಗೆ ಬಂದಿತು. ವರಮಾನವು ಗೊತ್ತಾದ ಮಿತಿಯನ್ನು ಮೀರಿದ್ದೂ ಖಾಸಗಿ ಆಸ್ಪತ್ರೆಯ ವಿಮೆಯನ್ನು ಮಾಡಿಸದವರು ಈಗ ನೂರಕ್ಕೆ 1ರಿಂದ 1.5ರವರೆಗೆ ಹೆಚ್ಚಾಗಿ ತೆರಬೇಕು. 2025ರ ಜುಲೈಯಲ್ಲಿ ಮೊದಲಾದ ವರ್ಷಕ್ಕೆ ಈ ಮಿತಿ ಒಂಟಿ ವ್ಯಕ್ತಿಗೆ 1,01,000 ಡಾಲರು, ಕುಟುಂಬಕ್ಕೆ 2,02,000 ಡಾಲರು. ಒಂಟಿಯಾಗಿರುವ ಒಬ್ಬನ ವರಮಾನ 1,20,000 ಡಾಲರೆಂದು ಭಾವಿಸಿದರೆ, ಅವನು ಎಲ್ಲರಂತೆ 2,400 ಡಾಲರು ಸಲ್ಲಿಸಿ, ವಿಮೆಯಿಲ್ಲವೆಂಬ ಕಾರಣಕ್ಕೆ ಮತ್ತೆ 1,500 ಡಾಲರು ಕೊಡಬೇಕಾಗುತ್ತದೆ.

ಇದನ್ನು ಸಮರ್ಥಿಸುವವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಶಕ್ತನಾದವನು ಬೇರೆಡೆಗೆ ಹೋದರೆ ಸರಕಾರಿ ಆಸ್ಪತ್ರೆಯ ಹಾಸಿಗೆ ಬಡವನಿಗೆ ಉಳಿಯುತ್ತದೆ ಎಂಬುದು ಅವರ ಮೊದಲ ವಾದ. ಎರಡನೆಯದು ಇನ್ನೂ ಬಲವಾದುದು. ಅಲ್ಲಿನ ಕಾನೂನಿನಂತೆ ವಿಮಾಸಂಸ್ಥೆಯು ರೋಗಿಷ್ಠನೆಂದು ಯಾರಿಂದಲೂ ಹೆಚ್ಚು ಕಂತು ಕೇಳಕೂಡದು. ಗಟ್ಟಿಮುಟ್ಟಾದವರು ದೂರ ಉಳಿದು ರೋಗಿಗಳು ಮಾತ್ರ ಸೇರಿದರೆ ಕಂತು ಏರುತ್ತ ಹೋಗಿ ಆ ಏರ್ಪಾಡೇ ಕುಸಿಯುವುದು. ಆದ್ದರಿಂದ ಆರೋಗ್ಯವಂತರನ್ನು ಒಳಗೆ ತರಲು ಒಂದು ಒತ್ತಾಯ ಬೇಕು ಎನ್ನುತ್ತಾರೆ.

ಆದರೆ ಹೆಚ್ಚುವರಿ ತೆರಿಗೆಯನ್ನು ತೆರುವವನ ಅಪರಾಧವೇನು? ಅವನು ತನ್ನ ಪಾಲಿನ ಕರವನ್ನು ಕೊಟ್ಟಿದ್ದಾನೆ. ಕಾಯಿಲೆ ಬಂದಾಗ ಎಲ್ಲರೊಡನೆ ಸರದಿಯಲ್ಲಿ ನಿಲ್ಲಲು ಸಿದ್ಧನಿದ್ದಾನೆ. ತನ್ನ ಧನವು ತನ್ನನ್ನು ಮುಂದಕ್ಕೆ ಕೊಂಡೊಯ್ಯಲೆಂದು ಬಯಸಿಲ್ಲ. ಇದು ದೋಷವಾದರೆ ಗುಣವಾವುದು? ಅತ್ತ ಕಡಿಮೆ ಕಂತಿನ ಪತ್ರವೊಂದನ್ನು ಕೊಂಡು ತೆರಿಗೆಯಿಂದ ಪಾರಾದವನು, ರೋಗ ಬಂದಾಗ ಅದನ್ನು ಪೆಟ್ಟಿಗೆಯಲ್ಲಿಟ್ಟು, ಸರಕಾರಿ ಆಸ್ಪತ್ರೆಯಲ್ಲೇ ಸಾಮಾನ್ಯ ರೋಗಿಯಾಗಿ ಮಲಗಬಹುದು. ಕಾನೂನು ಅದನ್ನು ತಡೆಯುವುದಿಲ್ಲ. ಕಾನೂನು ಕೇಳುವುದು ಪತ್ರವನ್ನು, ತೆರವಾದ ಹಾಸಿಗೆಯನ್ನಲ್ಲ.

ಇದಕ್ಕಿಂತ ಮಿಗಿಲಾದ ನಷ್ಟ ಇನ್ನೊಂದಿದೆ. ಹಿತ್ತಲಲ್ಲಿ ಬಾವಿಯುಳ್ಳವನು ಊರ ಕೆರೆಯನ್ನು ಮರೆಯುವುದು ಸಹಜ. ಕೆರೆಯಲ್ಲಿ ಹೂಳು ತುಂಬಿತೆಂದು ಗಟ್ಟಿಯಾಗಿ ಹೇಳಬಲ್ಲವರು, ಹೇಳಿದರೆ ಅಧಿಕಾರಿಗಳು ಕೇಳುವಂಥವರು, ಕೆರೆಯತ್ತ ಹೋಗುವುದನ್ನೇ ಬಿಟ್ಟರೆ ಹೂಳೆತ್ತಿಸುವವರು ಯಾರು? ಕೆರೆಯ ನೀರನ್ನೇ ಕುಡಿಯುವೆನೆಂಬ ಸಿರಿವಂತನು ಊರಿಗೆ ಭಾರವಲ್ಲ. ಅವನು ಕೆರೆಯ ಕಾವಲುಗಾರ. ಅವನಿಗೆ ದಂಡ ಹಾಕಿ ಬಾವಿ ತೋಡಿಸುವ ರಾಜ್ಯವು ತಾನೇ ಕಟ್ಟಿದ ಕೆರೆಯ ಮೇಲಿನ ನಂಬಿಕೆಯನ್ನು ಸಡಿಲಿಸುತ್ತದೆ.

ಧನಿಕನಿಂದ ಹೆಚ್ಚು ಕೇಳುವುದು ಅಧರ್ಮವೆಂದು ಇದರ ಅರ್ಥವಲ್ಲ. ಶಕ್ತಿಗೆ ತಕ್ಕಂತೆ ಭಾರ ಹೊರುವುದು ನ್ಯಾಯವೇ. ಬಡವನ ಚಿಕಿತ್ಸೆಗೆ ಹಣ ಸಾಲದಿದ್ದರೆ, ವಿಮೆಯುಳ್ಳ ಧನಿಕ, ವಿಮೆಯಿಲ್ಲದ ಧನಿಕ ಎಂಬ ಭೇದವಿಲ್ಲದೆ ಇಬ್ಬರಿಂದಲೂ ಕೇಳಲಿ, ಅದು ಕರವಾಗುತ್ತದೆ. ವಿಮೆಯ ಏರ್ಪಾಡನ್ನು ಉಳಿಸುವುದೇ ಉದ್ದೇಶವಾದರೆ, ಹಾಗೆಂದು ಬಾಯಿಬಿಟ್ಟು ಹೇಳಿ, ಅದಕ್ಕೆ ತಕ್ಕ ಉಪಾಯವನ್ನು ಹುಡುಕಲಿ. ತಪ್ಪಿಲ್ಲದವನಿಂದ ದಂಡವನ್ನು ಪಡೆದು ಅದನ್ನು ಕರವೆಂದು ಕರೆಯುವುದು ಮಾತ್ರ ಸಲ್ಲದು. ಪ್ರಜೆಯು ಹಣದ ನಷ್ಟವನ್ನು ಸಹಿಸಿಯಾನು. ಎಲ್ಲರೊಡನೆ ಸಮನಾಗಿ ನಿಂತುದಕ್ಕೆ ಬೆಲೆ ತೆರಬೇಕಾಯಿತೆಂಬ ಭಾವನೆ ಅವನಲ್ಲಿ ಹುಟ್ಟಬಾರದು.