*ಮೋಜಿನ ಓಟದ ಪದಕ*



*ಇಂದಿನ ಧಮ್ಮ ಚಿಂತನೆ*



ಕಳೆದ ಭಾನುವಾರ ನಮ್ಮ ಬಡಾವಣೆಯಲ್ಲಿ 3 ಕಿಲೋಮೀಟರ್ ಮೋಜಿನ ಓಟವಿತ್ತು. ಗೆಲುವು ಸೋಲು ಏನೂ ಇಲ್ಲ, ಮನೆಮಂದಿಯೆಲ್ಲ ಬನ್ನಿ ಎಂದು ಕರೆದಿದ್ದರು. ನಾವು ನಾಲ್ವರೂ ಹೋದೆವು: ನಮ್ಮ ಯಜಮಾನರು, ನಾಲ್ಕನೇ ತರಗತಿಯ ಮಗ, ಅತ್ತೆ ಮತ್ತು ನಾನು. ಅತ್ತೆ ಅವರು ಕೊಟ್ಟ ಟೀ ಶರ್ಟನ್ನು ಸೀರೆಯ ಮೇಲೆಯೇ ಹಾಕಿಕೊಂಡರು. ಎದೆಗೆ ನಂಬರಿನ ಚೀಟಿ ಪಿನ್ನು ಮಾಡುವಾಗ "ಈ ವಯಸ್ಸಲ್ಲಿ ನನಗೂ ಒಂದು ನಂಬರು ಬಂತು ನೋಡು" ಎಂದು ನಕ್ಕರು.

ಕೆರೆ ಏರಿಯವರೆಗೆ ಎಲ್ಲ ಚೆನ್ನಾಗಿತ್ತು. ಯಜಮಾನರು ಓಡಿ ಮುಂದೆ ಹೋಗಿದ್ದರು. ಅರ್ಧ ದಾರಿ ಬರುವಷ್ಟರಲ್ಲಿ ಅತ್ತೆಗೆ ಮಂಡಿ ಹಿಡಿದುಕೊಂಡಿತು. ಮಗ ಅಜ್ಜಿಯ ಕೈ ಬಿಡದೆ ಪಕ್ಕದಲ್ಲೇ ನಿಂತ. ಅಲ್ಲೊಂದು ಓಣಿಯಿದೆ, ಅದರಲ್ಲಿ ಹೋದರೆ ಮೈದಾನ ಹತ್ತಿರ. ಮೂವರೂ ನಿಧಾನಕ್ಕೆ ಆ ಓಣಿಯಲ್ಲೇ ನಡೆದು ಬಂದೆವು. ಮೈದಾನದ ಬಾಗಿಲಲ್ಲಿ ಕಾಲೇಜು ಹುಡುಗಿಯೊಬ್ಬಳು ಓಟ ಮುಗಿಸಿ ಬಂದವರಿಗೆಲ್ಲ ಪದಕ ಹಾಕುತ್ತಿದ್ದಳು. ನಮ್ಮ ಕೊರಳಿಗೂ ಹಾಕಿದಳು.

ಉಪ್ಪಿಟ್ಟಿನ ಸಾಲಿನಲ್ಲಿ ನಿಂತಾಗ ನೋಡಿದೆ, ಮಗ ಪದಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

"ಯಾಕೋ?"

"ನಾವು ಪೂರ್ತಿ ಓಡಿಲ್ವಲ್ಲಮ್ಮ."

"ಇದು ಮೋಜಿನ ಓಟ ಕಣೋ. ಯಾರೂ ಕೇಳಲ್ಲ, ಹಾಕ್ಕೋ."

"ಯಾರೂ ಕೇಳ್ದಿದ್ರೆ ಹಾಕ್ಕೋಬಹುದಾ?"

ನನಗೆ ಮಾತು ಹೊರಡಲಿಲ್ಲ. ಪರೀಕ್ಷೆಯ ದಿನ ಕೊಠಡಿಯಲ್ಲಿ ನಿಂತು, ನಾನು ನೋಡದಿದ್ದರೂ ನಿಮ್ಮ ಮನಸ್ಸು ನೋಡುತ್ತಿರುತ್ತದೆ ಮಕ್ಕಳೇ ಎಂದು ಹೇಳುವವಳು ನಾನೇ.

ಇದನ್ನು ಶೀಲದ ಕಣ್ಣಿನಿಂದ ನೋಡೋಣ. ಎರಡನೆಯ ಶೀಲ ಅದಿನ್ನಾದಾನ ವಿರತಿ, ಅಂದರೆ ಕೊಡದೇ ಇರುವುದನ್ನು ತೆಗೆದುಕೊಳ್ಳದಿರುವುದು. ಅದು ಮುರಿಯಲು ಐದು ಅಂಗಗಳು ಕೂಡಬೇಕೆಂದು ಅಟ್ಠಕಥೆಗಳು ಹೇಳುತ್ತವೆ: ವಸ್ತು ಪರರದಾಗಿರಬೇಕು, ಪರರದೆಂದು ತಿಳಿದಿರಬೇಕು, ಕದಿಯುವ ಮನಸ್ಸಿರಬೇಕು, ಪ್ರಯತ್ನ ನಡೆಯಬೇಕು, ವಸ್ತು ಕೈಸೇರಬೇಕು. ಹಾಗೆ ಲೆಕ್ಕ ಹಾಕಿದರೆ ನಾವು ಕದ್ದಿಲ್ಲ, ಅವಳಾಗಿಯೇ ಹಾಕಿದಳು. ಆದರೆ ನಾಲ್ಕನೆಯ ಶೀಲಕ್ಕೆ ಬಂದರೆ ಕಥೆ ಬೇರೆ. ಬಾಯಿಂದ ಮಾತ್ರವಲ್ಲ, ಮೈಯಿಂದಲೂ ಸುಳ್ಳು ಹೇಳಬಹುದು ಎನ್ನುತ್ತವೆ ಅದೇ ಅಟ್ಠಕಥೆಗಳು. ಓಟ ಮುಗಿಸಿದವರ ಹಾಗೆ ಕೊರಳು ಬಾಗಿಸಿದ ನಾನು ಬಾಯಿ ಬಿಡದೆಯೇ ಒಂದು ಸುಳ್ಳು ಹೇಳಿದ್ದೆ.

ಇಷ್ಟು ಸಣ್ಣದಕ್ಕೆ ಇಷ್ಟೆಲ್ಲ ಯಾಕೆ ಎಂದು ನಿಮಗೂ ಅನ್ನಿಸಬಹುದು. ನನಗೂ ಅನ್ನಿಸಿತು. ಆಗ ನೆನಪಾದದ್ದು ಮಜ್ಝಿಮ ನಿಕಾಯದ 61ನೆಯ ಸುತ್ತ, ಅಂಬಲಟ್ಠಿಕ ರಾಹುಲೋವಾದ. ಅಟ್ಠಕಥೆಯ ಪ್ರಕಾರ ರಾಹುಲನಿಗೆ ಆಗ 7 ವರ್ಷ, ನನ್ನ ಮಗನಿಗಿಂತ ಚಿಕ್ಕವನು. ಭಗವಾನರು ಕಾಲು ತೊಳೆದು ಪಾತ್ರೆಯಲ್ಲಿ ತುಸು ನೀರು ಉಳಿಸಿ ತೋರಿಸಿದರು. ಆಮೇಲೆ ಅದನ್ನು ಚೆಲ್ಲಿದರು, ಪಾತ್ರೆಯನ್ನು ಬೋರಲು ಹಾಕಿದರು, ಮತ್ತೆ ಎತ್ತಿ ಬರಿದಾದ ಪಾತ್ರೆಯನ್ನು ತೋರಿಸಿದರು. ಗೊತ್ತಿದ್ದೂ ಸುಳ್ಳಾಡಲು ನಾಚದವನ ಸಾಧನೆ ಹೀಗೆಯೇ ಎಂದು ಹೇಳಿ, ಕೊನೆಗೆ ತಮಾಷೆಗೂ ಸುಳ್ಳಾಡುವುದಿಲ್ಲ ಎಂಬುದನ್ನು ಅಭ್ಯಾಸ ಮಾಡು ಎಂದರು. ತಮಾಷೆಗೂ! ಮೋಜಿನ ಓಟಕ್ಕೆ ಇದಕ್ಕಿಂತ ಹೊಂದುವ ಮಾತು ಬೇಕೆ?

ಈ ಬೋಧೆ ಮಕ್ಕಳಿಗಷ್ಟೇ ಎಂದುಕೊಳ್ಳುವಂತಿಲ್ಲ. ರಾಜಸ್ಥಾನದ ಬೈರಾಟ್ ಶಾಸನದಲ್ಲಿ ಅಶೋಕ ಭಿಕ್ಖು ಭಿಕ್ಖುಣಿಯರೂ ಉಪಾಸಕ ಉಪಾಸಿಕೆಯರೂ ಮತ್ತೆ ಮತ್ತೆ ಕೇಳಿ ಮನನ ಮಾಡಬೇಕಾದ ಏಳು ಧಮ್ಮಪಾಠಗಳನ್ನು ಹೆಸರಿಸಿದ್ದಾನೆ. ಸುಳ್ಳಿನ ಬಗ್ಗೆ ರಾಹುಲನಿಗೆ ಹೇಳಿದ ಬೋಧೆ ಅವುಗಳಲ್ಲೊಂದು. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೂ ತಂದೆತಾಯಿಯರ ಮಾತು ಕೇಳುವುದು, ಜೀವಿಗಳಲ್ಲಿ ದಯೆ, ಸತ್ಯ ನುಡಿಯುವುದು, ಈ ಮೂರನ್ನೂ ಅವನು ಒಟ್ಟಿಗೇ ಕೆತ್ತಿಸಿದ್ದಾನೆ.

ಆ ಒಟ್ಟಿಗೆ ಎಂಬುದೇ ನನ್ನನ್ನು ಹಿಡಿದು ನಿಲ್ಲಿಸಿತು. ಯಾಕೆಂದರೆ ನನ್ನ ಒಳಗೊಂದು ಸಮಜಾಯಿಷಿ ತಯಾರಾಗಿತ್ತು: ಈಗ ಹೋಗಿ ಹೇಳಿದರೆ ತನ್ನಿಂದಲೇ ಹೀಗಾಯಿತೆಂದು ಅತ್ತೆ ನೊಂದುಕೊಳ್ಳುತ್ತಾರೆ, ಸುಮ್ಮನಿರುವುದೇ ಕರುಣೆ. ನಿಜಕ್ಕೂ ಓಣಿ ಹಿಡಿದದ್ದು ತಪ್ಪಾಗಿರಲಿಲ್ಲ. ಅತ್ತೆಯನ್ನು ಅಲ್ಲೇ ಕೂರಿಸಿ ನಾವಿಬ್ಬರು 3 ಕಿಲೋಮೀಟರ್ ಮುಗಿಸಿದ್ದರೆ ಅದೇ ತಪ್ಪಾಗುತ್ತಿತ್ತು. ತಪ್ಪಿದ್ದದ್ದು ಬಾಗಿಲಲ್ಲಿ ಸುಮ್ಮನಾದದ್ದರಲ್ಲಿ ಮಾತ್ರ. ಆ ಮೌನಕ್ಕೆ ನಾನು ಕರುಣೆಯ ಹೆಸರಿಟ್ಟುಕೊಂಡಿದ್ದೆ.

ಸಾಲಿನಲ್ಲಿ ನಿಂತಿದ್ದಾಗ ಇಷ್ಟೆಲ್ಲ ಹೊಳೆದಿರಲಿಲ್ಲ ಬಿಡಿ. ಪಕ್ಕದಲ್ಲಿದ್ದ ಅತ್ತೆಯೇ "ಮಗು ಸರಿಯಾಗೇ ಹೇಳ್ತಿದೆ, ಹೋಗಿ ಹೇಳ್ಬಿಟ್ಟು ಬಾರಮ್ಮ" ಎಂದರು. ನೊಂದುಕೊಳ್ಳುತ್ತಾರೆ ಎಂದು ನಾನು ಹೆದರಿದ್ದು ಇವರ ಸಲುವಾಗಿಯೇ! ಮಗನ ಕೈ ಹಿಡಿದು ಹೋದೆ. ನಡೆದದ್ದನ್ನು ಅವನೇ ಹೇಳಿ ಪದಕ ಮುಂದೆ ಚಾಚಿದ. ಆ ಹುಡುಗಿ ನಕ್ಕು, "ಅಜ್ಜಿ ಜೊತೆ ಬಂದ್ಯಾ ಪುಟ್ಟ? ಪರವಾಗಿಲ್ಲ, ಇದು ನಿಂದೇ" ಎಂದು ಮತ್ತೆ ಅವನ ಕೊರಳಿಗೇ ಹಾಕಿದಳು. ಈ ಸಲ ಅವನು ತೆಗೆಯಲಿಲ್ಲ. ರಾತ್ರಿ ಮಲಗುವಾಗಲೂ ಹಾಕಿಕೊಂಡೇ ಇದ್ದ.

ಅದೇ ತಗಡು, ಅದೇ ಪಟ್ಟಿ. ಮೊದಲ ಸಲ ಅವಳು ತಿಳಿಯದೆ ಕೊಟ್ಟಿದ್ದಳು. ಎರಡನೆಯ ಸಲ ತಿಳಿದು ಕೊಟ್ಟಳು. ಕೊಟ್ಟದ್ದು ಎಂದರೇನೆಂದು ಹತ್ತಾರು ಸಲ ಪಾಠ ಮಾಡಿದ್ದ ನನಗೆ ಅದರ ಅರ್ಥ ಆ ದಿನ ಇನ್ನಷ್ಟು ಆಯಿತು.

ರಾಹುಲನಿಗೆ ಭಗವಾನರು ಕನ್ನಡಿಯ ಮಾತನ್ನೂ ಹೇಳಿದ್ದರು. ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ನೋಡಿಕೋ. ತಪ್ಪಿದ್ದರೆ ಗುರುಗಳ ಬಳಿಯೋ ಜೊತೆಗಾರರ ಬಳಿಯೋ ತೆರೆದು ಹೇಳಿ ಮುಂದೆ ಜಾಗ್ರತೆಯಿಂದಿರು ಎಂದು. ನಾನು ಮೊದಲೂ ನೋಡಿಕೊಳ್ಳಲಿಲ್ಲ, ಮಾಡುವಾಗಲೂ ನೋಡಿಕೊಳ್ಳಲಿಲ್ಲ. ಆದ್ದರಿಂದಲೇ ನಿಮ್ಮೆಲ್ಲರ ಮುಂದೆ ಇದನ್ನು ಇಡುತ್ತಿದ್ದೇನೆ.

*ಇಂದಿನ ಅಭ್ಯಾಸ:* "ಯಾರು ಕೇಳ್ತಾರೆ ಬಿಡು" ಎಂಬ ಮಾತು ಇಂದು ಬಾಯಿಗೆ ಬಂದರೆ ಅಲ್ಲೇ ಒಂದು ಉಸಿರು ನಿಲ್ಲೋಣ. ಮನೆಯ ಮಗುವೇ ಕೇಳಿದರೆ ಏನು ಹೇಳುತ್ತೇವೆಂದು ಯೋಚಿಸಿ ಮುಂದಿನ ಹೆಜ್ಜೆ ಇಡೋಣ.

ಭವತು ಸಬ್ಬ ಮಂಗಳಂ 🙏